ರುಚಿ ನೋಡುವವಳು

"ಹದಿನೇಳು," ಎಂದಳು ನಾದಿನಿ.

ಅಂಗೈಗೆ ಸುರಿದುಕೊಂಡ ಬೇಳೆಯ ಹನಿಯನ್ನು ನೆಕ್ಕಲು ಹೊರಟಿದ್ದ ಅತ್ತಿಗೆಯ ಕೈ ಬಾಯಿಯ ಹತ್ತಿರವೇ ನಿಂತಿತು. "ಏನೇ ಅದು ಹದಿನೇಳು?"

"ಬೆಳಗ್ಗಿಂದ ನೀವು ರುಚಿ ನೋಡಿದ್ದು. ಬೇಳೆ ಎಂಟು ಸಲ, ಟೊಮೆಟೊ ಚಟ್ನಿ ಆರು, ಪಲ್ಯ ಮೂರು."

"ಅದೂ ತಿಂದ ಲೆಕ್ಕಾನಾ? ನಾಲಿಗೆಗೆ ತಾಗಿಸೋದು ಕಣೇ, ಅಷ್ಟೇ."

"ನಾಲಿಗೆಗೆ ತಾಗಿದ್ದು ಆಮೇಲೆ ಎಲ್ಲಿಗೆ ಹೋಗತ್ತೆ ಅತ್ತಿಗೆ?"

ಮುನ್ನೂರು ಜನ ಉಣ್ಣುವ ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅತ್ತಿಗೆ ಹದಿನಾಲ್ಕು ವರ್ಷಗಳಿಂದ ದೊಡ್ಡ ಅಡುಗೆಯವಳು. ಗಂಡನ ತಂಗಿಯನ್ನು ಆರು ತಿಂಗಳ ಹಿಂದೆ ತಾನೇ ಹೇಳಿ ಕೆಲಸಕ್ಕೆ ಸೇರಿಸಿದ್ದಳು. ಅತ್ತಿಗೆಯ ಎದೆಯುರಿ ಅದಕ್ಕೂ ಹಳೆಯದು. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಮಾಡಿಯಾಗಿತ್ತು. ಕಾಫಿ ಬಿಟ್ಟಳು, ಕರಿದದ್ದು ಬಿಟ್ಟಳು, ರಾತ್ರಿಯೂಟ ಏಳಕ್ಕೇ ಮುಗಿಸತೊಡಗಿದಳು. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಳು. "ಬೆಳಗಾಗೋದ್ರಲ್ಲಿ ನಾನು ಕಾಲ ಕಡೆ ಜಾರಿ ಬಂದಿರ್ತೀನಿ" ಎಂದು ಗಂಡ ಗೊಣಗಿದ್ದೂ ಆಯಿತು. ಆದರೂ ಹುಳಿತೇಗು ಗಂಟಲಿಗೆ ಬರುತ್ತಲೇ ಇತ್ತು. ಕೆಲಸದ ಹೊತ್ತಿನಲ್ಲಿ ಏನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದಾಗ, ಮಧ್ಯಾಹ್ನದ ಊಟದವರೆಗೆ ಏನೂ ಮುಟ್ಟುವುದಿಲ್ಲ ಎಂದಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ರುಚಿ ನೋಡುವುದನ್ನು ಯಾವ ಅಡುಗೆಯವಳು ಊಟಕ್ಕೆ ಸೇರಿಸುತ್ತಾಳೆ?

"ಒಂದು ವಾರ ನಾನು ರುಚಿ ನೋಡ್ತೀನಿ, ನೀವು ಸೌಟು ಆಡಿಸಿ ಸಾಕು," ಎಂದಳು ನಾದಿನಿ.

ಐದನೆಯ ದಿನಕ್ಕೆ ಉರಿ ಇಳಿಯಿತು. ಹತ್ತನೆಯ ದಿನ ಅತ್ತಿಗೆ ಬೆಳಗಿನವರೆಗೆ ಒಮ್ಮೆಯೂ ಎಚ್ಚರವಾಗದೆ ಮಲಗಿದಳು. "ನನ್ನ ತಂಗಿ ಬಂದ್ಮೇಲೇ ನೋಡು ನಿಂಗೆ ಗುಣ ಆಗಿದ್ದು," ಎಂದ ಗಂಡ.

"ಹೌದು, ನಿಮ್ಮನೇವರ ನಾಲಿಗೆ ಉದ್ದ ಅಂತ ಮದುವೆ ದಿನಾನೇ ಗೊತ್ತಾಗಿತ್ತು," ಎಂದಳು ಅವಳು.

ವಾರ ಕಳೆದರೂ ಆ ಕೆಲಸ ನಾದಿನಿಯ ಹತ್ತಿರವೇ ಉಳಿಯಿತು. ಅವಳು ಹನಿಯನ್ನು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಚಾವಣಿಯ ಕಡೆ ನೋಡುತ್ತ ನಿಲ್ಲುತ್ತಿದ್ದಳು. "ಉಪ್ಪು ಒಂಚೂರು. ಹುಳಿ ಸಾಕು." ಅಷ್ಟು ಹೊತ್ತೂ ಅತ್ತಿಗೆ ಸೌಟು ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಹಾಗೆ ನೋಡುತ್ತಿದ್ದೇನೆ ಎಂದು ಗೊತ್ತಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಒಂದು ದಿನ ಬಡಿಸುವ ಕಿಂಡಿಯ ಮುಂದೆ ಲೇತ್ ಯಂತ್ರದವನು ತಟ್ಟೆ ಚಾಚಿ, "ಏನಕ್ಕಾ, ಈಗೀಗ ಬೇಳೆ ಬಾಯಿಗೆ ಹಿಡೀತಾ ಇದೆ! ಯಾರ ಕೈ ಇದು?" ಎಂದ.

"ಆ ತಂಗೀದು ಕಣೋ," ಎಂದ ಅವನ ಹಿಂದಿದ್ದವನು. "ಮೆಲ್ಲಗೆ ಹೇಳು, ಅಕ್ಕನ ಕೈಲಿ ಸೌಟಿದೆ."

ಸಾಲೆಲ್ಲ ನಕ್ಕಿತು. ಅತ್ತಿಗೆಯೂ ನಕ್ಕಳು. ಎಲ್ಲರ ನಗು ಮುಗಿದ ಮೇಲೂ ಅವಳ ಮುಖದ ಮೇಲಿನದು ಇಳಿಯದೆ ಹಾಗೇ ಅಂಟಿಕೊಂಡಿತ್ತು.

ಮರುದಿನ ಮ್ಯಾನೇಜರು ಅಡುಗೆಮನೆಗೆ ಬಂದರು. ನಾಳೆಯ ಅಡುಗೆ ಏನೆಂದು ಗೋಡೆಯ ಹಲಗೆಯ ಮೇಲೆ ಬರೆಯುವುದು ಹದಿನಾಲ್ಕು ವರ್ಷವೂ ಅತ್ತಿಗೆಯ ಕೆಲಸ. "ಇನ್ಮೇಲೆ ಇಬ್ಬರೂ ಮಾತಾಡಿಕೊಂಡು ಬರೀರಿ," ಎಂದು ಅವರು ಸೀಮೆಸುಣ್ಣವನ್ನು ನಾದಿನಿಯ ಕೈಗಿಟ್ಟು ಹೋದರು. "ಅತ್ತಿಗೆ, ನೀವೇ ಬರೀರಿ," ಎಂದು ಅವಳು ಕೂಡಲೇ ಅದನ್ನು ಚಾಚಿದಳು. ಹಾಗೆ ಚಾಚಿದ್ದೇ ಅತ್ತಿಗೆಗೆ ಸಹಿಸಲಾಗಲಿಲ್ಲ. ತನ್ನದನ್ನು ತನಗೇ ದಾನ ಕೊಡುತ್ತಾಳಲ್ಲ!

ಗುರುವಾರ, ಊಟದ ಗಂಟೆಗೆ ಇನ್ನು ಅರ್ಧ ತಾಸು. ಬೇಳೆಯ ರುಚಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ನಾದಿನಿ ತಟ್ಟೆಗಳನ್ನು ತರಲು ಒಳಗಿನ ಕೋಣೆಗೆ ಹೋದಳು. ಅತ್ತಿಗೆ ಉಪ್ಪಿನ ಡಬ್ಬಿ ತೆರೆದಳು. ಒಂದು ಮುಷ್ಟಿ. ಇನ್ನೊಂದು ಮುಷ್ಟಿ. ಮೂರನೆಯದು. ನಿಧಾನವಾಗಿ, ತಳ ಸೇರುವಂತೆ ಕಲಕಿದಳು.

ತಟ್ಟೆಗಳನ್ನು ಇಳಿಸಿದ ನಾದಿನಿ ಅಭ್ಯಾಸದಂತೆ ಕೊನೆಯ ಹನಿಯೊಂದನ್ನು ಬಾಯಿಗಿಟ್ಟುಕೊಂಡಳು. ಅವಳ ಕಣ್ಣು ಚಾವಣಿಗೆ ಹೋಗಲಿಲ್ಲ, ಕೊಪ್ಪರಿಗೆಯಲ್ಲೇ ನಿಂತಿತು. ಅತ್ತಿಗೆ ಒಲೆಯ ಅಂಚನ್ನು ಬಟ್ಟೆಯಿಂದ ಒರೆಸುತ್ತಿದ್ದಳು, ಒರೆಸಿದಲ್ಲೇ ಒರೆಸುತ್ತಿದ್ದಳು.

"ಆಲೂಗಡ್ಡೆ ಎಷ್ಟಿದೆ ಅತ್ತಿಗೆ?" ನಾದಿನಿಯ ದನಿ ಸಣ್ಣದಾಗಿತ್ತು. "ಮುನ್ನೂರು ಜನ ಹಸ್ಕೊಂಡು ಬರ್ತಾರೆ."

ಅತ್ತಿಗೆ ಬಟ್ಟೆ ಕೆಳಗಿಟ್ಟಳು. "ಆಲೂಗಡ್ಡೆ ಹಾಕಿದ್ರೆ ಇಷ್ಟು ಉಪ್ಪು ಇಳಿಯಲ್ಲ," ಎಂದಳು, ಬೇರೆ ಯಾರೋ ಮಾಡಿದ ತಪ್ಪಿನ ಬಗ್ಗೆ ಹೇಳುವಂತೆ. "ಅರ್ಧ ತೆಗೆದು ಬೇರೆ ಪಾತ್ರೆಗೆ ಹಾಕು. ನಾಳೆಗೆ ಬೇಯಿಸಿಟ್ಟ ಸಪ್ಪೆ ಬೇಳೆ ಇದೆಯಲ್ಲ, ಅದನ್ನ ಸುರಿ. ಮೇಲೆ ಬಿಸಿನೀರು. ನಿಲ್ಲು, ಒಂದೇ ಸಲ ಅಲ್ಲ."

ಸುರಿದರು, ಕಲಕಿದರು. ನಾದಿನಿ ರುಚಿ ನೋಡಿದಳು, ಇನ್ನೂ ಇಲ್ಲವೆಂದು ತಲೆಯಾಡಿಸಿದಳು, ಮತ್ತೆ ಸುರಿದರು. ಗಂಟೆ ಹೊಡೆಯಿತು.

ಅಂದು ಕಿಂಡಿಯ ಮುಂದೆ ಯಾರೂ ಹೊಗಳಲಿಲ್ಲ. ಯಾರೂ ತಟ್ಟೆ ಬಿಟ್ಟು ಏಳಲೂ ಇಲ್ಲ. ಬಡಿಸುವುದು ಮುಗಿದ ಮೇಲೆ ಅತ್ತಿಗೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ತನ್ನ ಪಾಲಿನ ಅನ್ನ, ಬೇಯಿಸಿದ ಸೋರೆಕಾಯಿಯನ್ನು ಸಣ್ಣ ಸಣ್ಣ ತುತ್ತು ಮಾಡಿ ಉಂಡಳು. ಕೈ ತೊಳೆದು ಬಂದು, ನಾದಿನಿಯ ಮುಖ ನೋಡದೆ, "ಬೇಳೆ ಹೇಗಾಗಿದೆ?" ಎಂದು ಕೇಳಿದಳು. ಆ ಅಡುಗೆಮನೆಯಲ್ಲಿ ಅವಳು ಯಾರನ್ನೂ ಹಾಗೆ ಕೇಳಿದ್ದಿಲ್ಲ.

ಚೆನ್ನಾಗಿದೆ ಎಂದುಬಿಡಬಹುದಿತ್ತು. ನಾದಿನಿ ತಳದಲ್ಲುಳಿದ ಬೇಳೆಯ ಹನಿಯೊಂದನ್ನು ನಾಲಿಗೆಗೆ ಹಚ್ಚಿಕೊಂಡಳು. "ಇನ್ನೂ ಉಪ್ಪು ಮುಂದಿದೆ ಅತ್ತಿಗೆ."

ಹೊರಗೆ ಕುಡಿಯುವ ನೀರಿನ ಡ್ರಮ್ಮಿನ ಮುಂದೆ ಸಾಲು ಉದ್ದವಾಗಿತ್ತು. ಲೇತ್ ಯಂತ್ರದವನು ಒಂದು ಲೋಟ ಗಟಗಟನೆ ಕುಡಿದು, ಹಿಂದಿನವನ ಬೈಗುಳ ಕೇಳುತ್ತಲೇ ಇನ್ನೊಂದು ತುಂಬಿಸಿಕೊಂಡ. ಯಾರೋ ಡ್ರಮ್ಮನ್ನು ಓರೆ ಮಾಡಿ ತಳದ ನೀರು ಬಗ್ಗಿಸುತ್ತಿದ್ದರು. ಅತ್ತಿಗೆ ನಲ್ಲಿಯ ಕೆಳಗೆ ತುಂಬಿ ನಿಂತಿದ್ದ ದೊಡ್ಡ ಪಾತ್ರೆಯ ಹತ್ತಿರ ಹೋದಳು.

"ಬಗ್ಗಬೇಡಿ, ಈಗ ತಾನೇ ಉಂಡಿದೀರಿ, ಉರಿ ಮೇಲೆ ಬರತ್ತೆ," ಎನ್ನುತ್ತ ನಾದಿನಿ ಅವಳಿಗಿಂತ ಮೊದಲೇ ಬಗ್ಗಿ ಪಾತ್ರೆ ಎತ್ತಿದಳು. ಅದರ ಒಂದು ಬದಿಯ ಹಿಡಿಕೆಯನ್ನು ಅತ್ತಿಗೆಯ ಕೈಗೆ ಕೊಟ್ಟಳು. ಇಬ್ಬರೂ ಅಂಗಳಕ್ಕೆ ಇಳಿದರು. ಇಬ್ಬರ ಎತ್ತರ ಸಮವಿರಲಿಲ್ಲ. ನೀರು ಹೆಜ್ಜೆಗೊಮ್ಮೆ ಅತ್ತಿಗೆಯ ಕಡೆಗೇ ತುಳುಕಿ, ಅವಳ ಸೆರಗನ್ನೂ ಪಾದಗಳನ್ನೂ ತೋಯಿಸುತ್ತಿತ್ತು.