ದ್ವೀಪದ ಸರ್ವರ್

"ಅದನ್ನ ಕೈಬಿಡು ರೌದಾ. ಸ್ಫಾಕ್ಸ್‌ನಲ್ಲೇ ಎರಡು ಸರ್ವರ್ ಇದ್ಯಲ್ಲ, ಸಾಕು," ಎಂದರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಸಿ ಮುಖ್ತಾರ್, ಕಾಫಿಯಿಂದ ಕಣ್ಣೆತ್ತದೆ.

ಸಾಕಂತೆ! ಹೋದ ಚಳಿಗಾಲದ ಬಿರುಗಾಳಿಯಲ್ಲಿ ಕೆರ್ಕೆನ್ನಾ ದ್ವೀಪದ ಸಂಪರ್ಕ ಕಡಿದಾಗ ರೋಗಿಗಳ ದಾಖಲೆಗಳೆಲ್ಲ ಇಲ್ಲೇ ಸ್ಫಾಕ್ಸ್ ನಗರದಲ್ಲಿ, ಸಮುದ್ರದ ಈಚೆ ಕೂತಿದ್ದವು. ರೌದಾಳ ಅಪ್ಪನಿಗೆ ಪೆನಿಸಿಲಿನ್ ಆಗದೆಂದು ಅಲ್ಲಿನ ನರ್ಸ್‌ಗೆ ತಿಳಿಯಲೇ ಇಲ್ಲ. ಅವರು ಅದೇ ಇಂಜೆಕ್ಷನ್ ಕೊಟ್ಟಮೇಲೆ ಅಪ್ಪ ಏಳಲಿಲ್ಲ. ಅಂದಿನಿಂದ ಅವಳಿಗೊಂದೇ ಹಟ: ದಾಖಲೆಗಳ ಪೂರ್ತಿ ಪ್ರತಿಯಿರುವ ಮೂರನೆಯ ಸರ್ವರ್ ದ್ವೀಪದಲ್ಲೇ ಇರಬೇಕು.

ಆ ಮೂರನೆಯದೋ, ಉಳಿದೆರಡು ಸರ್ವರ್‌ಗಳ ಗುಂಪಿಗೆ ಸೇರುತ್ತಿತ್ತು, ಮರುಕ್ಷಣ ಕಳಚಿಕೊಳ್ಳುತ್ತಿತ್ತು. ಮಧ್ಯಾಹ್ನದೊಳಗೆ ಅದು ಕಳಚದೆ ನಿಲ್ಲದಿದ್ದರೆ ಯಂತ್ರವನ್ನು ಹಿಂದಕ್ಕೆ ತರಿಸುವುದಾಗಿ ಸಿ ಮುಖ್ತಾರ್ ಹೇಳಿಬಿಟ್ಟಿದ್ದರು.

ರೌದಾ ಹಲ್ಲು ಕಚ್ಚಿ ಮತ್ತೆ ಮೊದಲಿಂದ ನೋಡಿದಳು. ದ್ವೀಪದ ಸರ್ವರ್ ಉಳಿದವುಗಳಿಗೆ ಅಲ್ಲಿನ ಒಳಜಾಲದಲ್ಲಷ್ಟೇ ನಡೆಯುವ ತನ್ನ ಮನೆಯೊಳಗಿನ ವಿಳಾಸವನ್ನೇ ಹೇಳುತ್ತಿತ್ತು. ಅದೇ ಅಂಕಿಯ ವಿಳಾಸ ಇಲ್ಲಿನ ಪ್ರಿಂಟರಿಗೂ ಇತ್ತು. ಮಾತು ಹೊರಬೀಳುವಾಗ ರೂಟರ್ ತನ್ನ ಹೊರವಿಳಾಸ ಹಚ್ಚುತ್ತಿತ್ತು, ನಿಜ. ಆದರೆ ಸರ್ವರ್ ತನ್ನ ಬಾಯಿಂದ ಹೇಳಿದ ವಿಳಾಸವನ್ನು ಅದು ತಿದ್ದುತ್ತಿರಲಿಲ್ಲ. ಹಾಗಾಗಿ ಇಲ್ಲಿನ ಸರ್ವರ್‌ಗಳು ದ್ವೀಪವನ್ನು ಕರೆಯಲು ಹೋಗಿ ಪಕ್ಕದ ಪ್ರಿಂಟರಿನ ಬಾಗಿಲು ತಟ್ಟುತ್ತಿದ್ದವು.

"ನಿಮ್ಮ ದ್ವೀಪದವರೇ ಹೀಗೆ," ಎಂದರು ಸಿ ಮುಖ್ತಾರ್. "ಮನೆ ಎಲ್ಲಿ ಅಂದ್ರೆ 'ಹಮದಾ ಮನೆ ಪಕ್ಕ' ಅಂತೀರ. ಹಮದಾ ಯಾರು ಅಂತ ನಮಗೇನು ಗೊತ್ತು?"

"ಒಂದ್ಸಲನಾದ್ರೂ ಅಲ್ಲಿಗೆ ಬಂದಿದ್ರೆ ಗೊತ್ತಿರ್ತಿತ್ತು."

ಅವಳು ದ್ವೀಪದ ಸರ್ವರ್ ಅಲ್ಲಿನ ರೂಟರಿನ ಹೊರವಿಳಾಸವನ್ನೇ ಹೇಳಿಕೊಳ್ಳುವಂತೆ ಮಾಡಿದಳು. ಆ ವಿಳಾಸಕ್ಕೆ ಬಂದ ಕರೆಯನ್ನು ರೂಟರ್ ಒಳಗೆ ದಾಟಿಸುವಂತೆ ಮಾಡಿದಳು. ಇಲ್ಲಿನ ಎರಡು ಸರ್ವರ್‌ಗಳಿಗೂ ಹಾಗೆಯೇ ಮಾಡಿ, ಅವು ಒಂದೇ ರೂಟರಿನ ಹಿಂದಿದ್ದುದರಿಂದ ಒಂದೊಂದಕ್ಕೆ ಬೇರೆ ಬೇರೆ ಪೋರ್ಟ್ ಸಂಖ್ಯೆ ಕೊಟ್ಟಳು. ಮೂರೂ ಕೂಡಿಕೊಂಡವು. ಈ ಸಲ ಯಾವುದೂ ಕಳಚಲಿಲ್ಲ.

"ಈಗೇನೋ ಕಳಚದೆ ನಿಂತಿದೆ. ಬಿರುಗಾಳಿ ಬಂದ್ರೆ?" ಎಂದರು ಸಿ ಮುಖ್ತಾರ್.

ರೌದಾ ಎದ್ದುಹೋಗಿ ದ್ವೀಪಕ್ಕೆ ಸಂಪರ್ಕ ಕೊಡುವ ಕೇಬಲನ್ನು ಕಿತ್ತುಬಿಟ್ಟಳು. ಸಿ ಮುಖ್ತಾರರ ಕಾಫಿ ತುಟಿಯ ಬಳಿಯೇ ನಿಂತಿತು. ಅವಳು ದ್ವೀಪದ ನರ್ಸ್ ಲಲ್ಲಾ ವಸೀಲಾರ ಮೊಬೈಲಿಗೆ ಫೋನ್ ಮಾಡಿ, ಅಲ್ಲಿನ ಸರ್ವರ್‌ನಿಂದ ಒಂದು ದಾಖಲೆ ತೆಗೆಯಲು ಹೇಳಿದಳು.

"ಯಾರದು ತೆಗೀಲಿ ಮಗಳೇ?"

"ತಿಜಾನಿ ಬಿನ್ ಸಾಲಿಮ್."

ಅಂದು ರೌದಾಳ ಅಪ್ಪನಿಗೆ ಇಂಜೆಕ್ಷನ್ ಕೊಟ್ಟ ಕೈ ಲಲ್ಲಾ ವಸೀಲಾರದೇ.

"ನಿಮ್ಮಪ್ಪಂದು ಬೇಡ ಕಣಮ್ಮ."

"ಬಂತಾ?"

"ಬಂತು."

"ಓದಿ."

"ಪೆನಿಸಿಲಿನ್..." ಲಲ್ಲಾ ವಸೀಲಾ ಅಳತೊಡಗಿದರು. "ಪೆನಿಸಿಲಿನ್ ಕೊಡಬಾರದು."

ರೌದಾ ಹೇಳಿದಳು: "ಅಳಬೇಡಿ. ಇನ್ಮೇಲೆ ಸೂಜಿ ಕೈಗೆ ತಗೊಳ್ಳೋ ಮೊದಲು ಒಬ್ಬೊಬ್ಬರದೂ ಹೀಗೇ ಓದಿ."