ತೀರ್ಥದ ಜೊತೆಗಿನ ಗುಳಿಗೆ

"ಈ ವಿಭೂತಿ ಡಬ್ಬಿ ಅಪ್ಪನ ಸಂಗಾಟ ಗುಣಿಯೊಳಗ ಇಡಬೇಕು," ಎನ್ನುತ್ತ ಸುನೀಲಕುಮಾರ ದೇವರ ಗೂಡಿಗೆ ಕೈ ಹಾಕಿದ. ತಾಯಿ ಬಸ್ಸಮ್ಮ ಅವನಿಗಿಂತ ಮುಂಚೆ ಡಬ್ಬಿ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು.

ದೋರನಹಳ್ಳಿಯ ಆ ಪಡಸಾಲೆಯಲ್ಲಿ ಚನ್ನಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಮೂವತ್ತು ವರ್ಷ ಕಾಲುವೆಯ ಗೇಟು ತಿರುವಿ ಗಟ್ಟಿಯಾದ ಅಂಗೈ ಅದು.

"ಮಗ ಅಂದ್ರ ಹಿಂಗಿರಬೇಕು," ಎಂದಳು ನೆರೆಮನೆಯ ಸಾಯಬಮ್ಮ. "ಅಪ್ಪ ಹಾಸಿಗಿ ಹಿಡದಾಗಿಂದ ನಾಕು ದಿನ ಕಣ್ಣಿಗಿ ಕಣ್ಣು ಹಚ್ಚಿಲ್ಲ. ಮೂರು ಭಜನಿ ಮ್ಯಾಳ ಕರಿಸ್ಯಾನ."

"ಆರು ಮ್ಯಾಳ!" ಸುನೀಲ ನಕ್ಕ. "ಸಮಾಧಿ ಮ್ಯಾಲ ಗುಡಿ ಕಟ್ಟಸ್ತೀನಿ. ಸುರಪುರದಿಂದ ಕಾಣಬೇಕು!"

ಹೆಣದ ಮುಂದೆ ಆ ನಗು! ಆ ನಗುವನ್ನು ಬಸ್ಸಮ್ಮ ಬಲ್ಲಳು.

* * *

ಇಪ್ಪತ್ತೆರಡು ವರ್ಷಗಳ ಹಿಂದೆ ಚನ್ನಯ್ಯ ಹೀಗೇ ನಗುತ್ತ ನಿದ್ದೆಗೆಟ್ಟಿದ್ದ. ಊರಿಗೆಲ್ಲ ನೀರು ಕೊಡುತ್ತೇನೆಂದು ಇದ್ದಬದ್ದ ಗೇಟು ಎತ್ತಿ ಭತ್ತದ ಕಣಗಳನ್ನೇ ತೇಲಿಸಿದ್ದ. ಆಮೇಲೆ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಯಾದಗಿರಿಯ ಡಾಕ್ಟರು ಅವನಿಗೆ ತಿಳಿಯುವಂತೆ ಹೇಳಿದರು:

"ತಲಿಯೊಳಗ ಸುದ್ದಿ ಒಯ್ಯೋ ರಸ ಇರ್ತದ. ನಿಮಗದು ತುಂಬಿ ಹರದದ. ಈ ಗುಳಿಗಿ ಕಾಲುವಿ ಬತ್ತಸಂಗಿಲ್ಲ. ಹೊಲದ ಬಾಯಿಗಿ ಹಲಗಿ ಇಟ್ಟಂಗ, ಬೇಕಾದಷ್ಟೇ ಒಳಗ ಬಿಡ್ತದ. ಆರಾಮಾತಂತ ಹಲಗಿ ಕಿತ್ತಿದ್ರ ಮತ್ತ ತುಂಬತದ."

ಗುಳಿಗೆಯಿಂದ ಮೈ ಭಾರವಾಯಿತು, ಮಂಪರು ಬಂತು. ಡಾಕ್ಟರು ಪ್ರಮಾಣ ಏರಿಸಿ ಇಳಿಸಿ ಹೊಂದಿಸಿದರು. ಆದರೆ ಜನ ಪಾದ ಮುಟ್ಟುವ ಜಂಗಮನಿಗೆ ತಲೆಯ ಗುಳಿಗೆಯೇ? "ಯಾರಿಗೂ ಹೇಳಬ್ಯಾಡ, ನನ್ನಾಣಿ," ಎಂದ. ಗುಳಿಗೆ ವಿಭೂತಿ ಡಬ್ಬಿ ಸೇರಿತು. ದಿನಾ ಲಿಂಗಪೂಜೆ ಮುಗಿಸಿ, ತೀರ್ಥದೊಡನೆ ನುಂಗಿ, ಹೆಂಡತಿಯೆದುರು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದ.

"ಖರೇನ ನುಂಗೀನಿ, ನೋಡ ಪೊಲೀಸಮ್ಮ!"

ತೀರ್ಥವೇ ವಾಸಿ ಮಾಡಿತೆಂದು ಊರು ನಂಬಿತು, ಮಗನೂ ನಂಬಿದ. ಆಮೇಲೆ ಅದೇ ರೋಗ ಮಗನಿಗೂ ಬಂತು. ಎರಡು ವರ್ಷದಿಂದ ಗುಳಿಗೆ ನುಂಗುತ್ತ ಅವನು ನೆಟ್ಟಗಿದ್ದ.

* * *

"ಗುಳಿಗಿ ತಗೊಳ್ಳಾಕತ್ತಿಯೇನೋ?" ಬಸ್ಸಮ್ಮ ಕೇಳಿದಳು.

"ಬಿಟ್ಟು ತಿಂಗಳಾತು! ಅಪ್ಪ ತಗೊಂಡಿದ್ನೇನು? ತೀರ್ಥ ಕುಡದು ಹುಲಿ ಹಂಗ ಇದ್ದ."

ಬಸ್ಸಮ್ಮ ಗಂಡನ ಮುಖ ನೋಡಿದಳು. ಕೊಟ್ಟ ಮಾತನ್ನು ಅವನ ಎದುರಿಗೇ ಮುರಿಯಬೇಕಿತ್ತು. "ತಪ್ಪಾತು ನನ್ನ ದೊರಿಯೇ," ಎಂದು ಡಬ್ಬಿಯನ್ನು ಬೋರಲು ಮಾಡಿದಳು. ವಿಭೂತಿ ಗಟ್ಟಿಗಳ ಜೊತೆ ಗುಳಿಗೆ ಪಟ್ಟಿಗಳು ಚಾಪೆಯ ಮೇಲೆ ಬಿದ್ದವು. ಭಜನೆ ನಿಂತಿತು.

"ನಿಮ್ಮಪ್ಪನವು. ಮೊನ್ನಿ ಮಟಾ ತಗೊಂಡಾನ."

"ಸುಳ್ಳು!" ಸುನೀಲ ಪಟ್ಟಿಯೊಂದನ್ನು ಕಸಿದುಕೊಂಡ. ಅರ್ಧ ಖಾಲಿಯಾಗಿತ್ತು. ಅವನು ಬಿಟ್ಟ ಗುಳಿಗೆಯ ಹೆಸರೇ ಅದರ ಮೇಲಿತ್ತು. ಎರಡು ಸಲ ಓದಿ, ದೊಪ್ಪನೆ ಅಪ್ಪನ ಕಾಲ ಬಳಿ ಕುಳಿತ. ನಾಲ್ಕು ದಿನದಲ್ಲಿ ಮೊದಲ ಸಲ ಅವನಿಗೆ ಅಳು ಬಂತು.

ಸುನೀಲನ ಹೆಂಡತಿ ಶಾಂಭವಿ ಫೋನು ಇಳಿಸಿ ಅವನ ಪಟ್ಟಿಯನ್ನೇ ತಂದಳು. "ಡಾಕ್ಟರ್ ಈಗೇ ಒಂದು ಕೊಡು ಅಂದ್ರು, ನಾಳಿ ಕರ್ಕೊಂಡು ಬಾ ಅಂದ್ರು."

ಕ್ರಿಯೆ ಮಾಡಿಸುತ್ತಿದ್ದ ವಿಶ್ವಾರಾಧ್ಯ ಸ್ವಾಮಿ ಅವನ ಬೊಗಸೆಗೆ ತೀರ್ಥ ಹಾಕಿದರು. ಸುನೀಲ ಅದರೊಡನೆ ಗುಳಿಗೆ ನುಂಗಿದ. ಬಸ್ಸಮ್ಮ ಕದಲಲಿಲ್ಲ.

"ಬಾಯಿ ತಗಿ," ಎಂದಳು.

ಊರೆಲ್ಲ ನೋಡುತ್ತಿರಲು, ಕುಳಿತ ಅಪ್ಪನೆದುರು ಸುನೀಲ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ.