ಅರ್ಧ ಇಂಚು ಹೆಚ್ಚಾದ ಜೋಸೆಫ್

"ತಲೆ ತಾಗ್ತದೆ ಏಕಾಂತಪ್ಪ," ಎಂದರು ಸಿಸ್ಟರ್ ಕ್ಲಾರಾ.

ತಾಗುತ್ತಿತ್ತು. ಕ್ರಿಸ್ಮಸ್ಸಿಗೆಂದು ಚರ್ಚಿನ ಮೂಲೆಯಲ್ಲಿ ಕಟ್ಟಿದ ಗೋದಲಿಯ ಹುಲ್ಲು ಮಾಡಿನ ಕೆಳಗೆ ಮರಿಯಮ್ಮ ಮೊಣಕಾಲೂರಿ ಕೂತಾಗಿತ್ತು. ಹಸು, ಕತ್ತೆ ತಮ್ಮ ತಮ್ಮ ಜಾಗ ಹಿಡಿದಾಗಿತ್ತು. ಮರಿಯಮ್ಮನ ಗಂಡ, ಮರದ ಹೊಸ ಸಂತ ಜೋಸೆಫ್ ಮಾತ್ರ ಮುಂದಿನ ತೊಲೆಗೆ ತಲೆ ಕೊಟ್ಟು ಒಳಗೆ ಹೋಗಲೊಲ್ಲದೆ ನಿಂತಿದ್ದ. ಹಳೆಯವನನ್ನು ಗೆದ್ದಲು ತಿಂದಿತ್ತು. ಏಕಾಂತಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಮಾದರಿ ಮಾಡುವವನು. ಮಗಳು ವೇದಾವತಿ ಸಿಸ್ಟರ್ ಅವರ ಶಾಲೆಯಲ್ಲಿ ಓದುವವಳು. ಹಾಗಾಗಿ ಕೆಲಸ ಅವನ ಪಾಲಿಗೆ ಬಂದಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಇದೆಲ್ಲ ಯಾಕೆ ಎಂದು ನೆರೆಯವರು ಆಡಿಕೊಂಡಾಗ, "ಜೋಸೆಫನೂ ಬಡಗಿಯೇ. ಬಡಗಿಯನ್ನು ಬಡಗಿ ಮಾಡದೆ ಇನ್ಯಾರು ಮಾಡ್ತಾರೆ ಮಾರಾಯ," ಎಂದು ನಕ್ಕಿದ್ದ.

ಈಗ ನಗು ಬರಲಿಲ್ಲ. ಚೀಲದಿಂದ ಅಡಿಕೋಲು ತೆಗೆದು ನೋಡಿದ ಕೂಡಲೇ ತಪ್ಪು ತಿಳಿಯಿತು. ಕರಗಿದ ಉಕ್ಕು ಆರುವಾಗ ಅಡಿಗೆ ಕಾಲು ಇಂಚು ಕುಗ್ಗುತ್ತದೆ. ಅದಕ್ಕೇ ಕಾರ್ಖಾನೆಯ ಮಾದರಿಕಾರರ ಅಡಿಕೋಲಿನಲ್ಲಿ ಒಂದಡಿ ಎಂದರೆ ಲೋಕದ ಅಡಿಗಿಂತ ಕಾಲು ಇಂಚು ಉದ್ದ. ಎರಡಡಿಯ ಜೋಸೆಫನನ್ನು ಅವನು ಆ ಕೋಲಿನಲ್ಲೇ ಅಳೆದುಬಿಟ್ಟಿದ್ದ. ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥ ಎಡವಟ್ಟು ಆಗಿರಲಿಲ್ಲ.

ಮನಸ್ಸು ಕೆಡಿಸಿದ್ದು ಒಂದು ಅಂಚೆ ಕಾರ್ಡು. ನಾಲ್ಕು ದಿನದ ಹಿಂದೆ ಕಾರ್ಖಾನೆಯಿಂದ ಬಂದಾಗ ಅದು ದೇವರ ಗೂಡಿನಲ್ಲಿತ್ತು. ಶಿವಮೊಗ್ಗದಿಂದ ಷಡಕ್ಷರಪ್ಪ ಬರೆದಿದ್ದ: "ಭಾನುವಾರ ಬರುತ್ತೇನೆ. ನನ್ನ ತಮ್ಮನ ಮಗಳಿಗೆ ಹತ್ತು ತುಂಬಿತು. ಮಾತಿನಂತೆ ಕಳಿಸಿಕೊಡತಕ್ಕದ್ದು."

ವೇದಾವತಿ ಅವನಿಗೆ ಹುಟ್ಟಿದವಳಲ್ಲ. ಷಡಕ್ಷರಪ್ಪನ ತಮ್ಮ ಸತ್ತ ಮೇಲೆ ಅವನ ಹೆಂಡತಿ ಕಾಶಮ್ಮನನ್ನು ಏಕಾಂತಪ್ಪ ಉಡಿಕೆ ಮಾಡಿಕೊಂಡಾಗ ಕೂಸಿಗೆ ಎಂಟು ತಿಂಗಳು. ಇನ್ನೂ ಹೆಸರೂ ಇಟ್ಟಿರಲಿಲ್ಲ; ವೇದಾವತಿ ಎಂದು ಹೆಸರಿಟ್ಟದ್ದು ಅವನೇ. ಉಡಿಕೆಯಾಗಿ ಹೋಗುವ ಹೆಂಗಸಿನ ಹಿಂದಿನ ಮಕ್ಕಳು ಹಿಂದಿನ ಮನೆಗೇ ಸೇರಿದವರೆಂದು ಹಿರಿಯರು ಕೂತು ಹೇಳಿದ್ದರು. ಹತ್ತು ತುಂಬುವವರೆಗೆ ತಾಯಿಯ ಹತ್ತಿರ ಇರಲಿ, ಆಮೇಲೆ ಕಳಿಸಬೇಕು. ಏಕಾಂತಪ್ಪ ತಲೆಯಾಡಿಸಿದ್ದ. ಹತ್ತು ವರ್ಷವೆಂದರೆ ಆಗ ಹತ್ತು ಯುಗದಂತೆ ಕಂಡಿತ್ತು. ಮಗುವಿಗೆ ಇದೊಂದೂ ಗೊತ್ತಿರಲಿಲ್ಲ. ಕಾಶಮ್ಮ ನಾಲ್ಕು ದಿನದಿಂದ, "ಅವರು ಬಂದು ಹೇಳೋದಕ್ಕಿಂತ ನೀವೇ ಹೇಳಿ," ಎನ್ನುತ್ತಿದ್ದಳು. ಅವನು ನಾಳೆ, ನಾಳೆ ಎಂದು ಇಂದಿನ ಭಾನುವಾರದವರೆಗೂ ತಳ್ಳಿದ್ದ. ಶಿವಮೊಗ್ಗದಿಂದ ಬರುವ ನಾಲ್ಕೂವರೆಯ ಗಾಡಿ ಆಗಲೇ ಕೂಗಿಯಾಗಿತ್ತು.

"ಪೀಠದಲ್ಲಿ ಅರ್ಧ ಇಂಚು ಕೊಯ್ದರೆ ಸರಿಹೋಗುತ್ತೆ," ಎಂದು ಅವನು ಮೂರ್ತಿಯನ್ನು ಬೆಂಚಿನ ಮೇಲೆ ಮಲಗಿಸಿದ.

ವೇದಾವತಿ ಹುಲ್ಲು ಹರಡುತ್ತಾ ಕೇಳಿದಳು, "ಸಿಸ್ಟರ್, ಜೋಸೆಫ್ ಯೇಸುವಿಗೆ ಸ್ವಂತ ಅಪ್ಪ ಅಲ್ವಂತೆ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಏಕಾಂತಪ್ಪನ ಪೆನ್ಸಿಲ್ ಗೆರೆ ಬಿಟ್ಟು ಜಾರಿತು.

"ಸಾಕಿದ ಅಪ್ಪ, ಮಗಳೇ," ಎಂದರು ಸಿಸ್ಟರ್. "ಆದ್ರೆ ಹೆಸರಿಟ್ಟದ್ದು ಅವನೇ. ರಾಜ ಮಗುವನ್ನು ಕೊಲ್ಲಿಸ್ತಾನೆ ಅಂತ ಗೊತ್ತಾದಾಗ ತಾಯಿ ಮಗು ಇಬ್ಬರನ್ನೂ ಕರ್ಕೊಂಡು ಈಜಿಪ್ಟಿಗೆ ಓಡಿದ್ದೂ ಅವನೇ."

ಓಡುವ ಯೋಚನೆ ಏಕಾಂತಪ್ಪನಿಗೂ ಬಂದಿತ್ತು. ಆದರೆ ಕಾರ್ಖಾನೆಯ ಕ್ವಾರ್ಟರ್ಸು, ಕೆಲಸ ಬಿಟ್ಟು ಓಡುವವನಿಗೆ ಬೀರೂರು ಜಂಕ್ಷನ್ನಿನಾಚೆ ಯಾವ ಈಜಿಪ್ಟು ಇತ್ತು?

"ಯೇಸುವಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹನ್ನೆರಡು ವರ್ಷದವನಿದ್ದಾಗ ಜಾತ್ರೆಗೆ ಹೋಗಿ ತಪ್ಪಿಸ್ಕೊಂಡ. ಇವರಿಬ್ಬರೂ ಮೂರು ದಿನ ಅತ್ತು ಹುಡುಕಿದ್ರು. ದೇವಾಲಯದಲ್ಲಿ ಸಿಕ್ಕಿದಾಗ, ನನ್ನ ತಂದೆ ಮನೇಲಿದ್ದೆ ಅಂದ. ದೇವರನ್ನೇ ತಂದೆ ಅಂದದ್ದು."

"ಆಮೇಲೆ?"

"ಆಮೇಲೆ ಎಂತ? ಇವರ ಜೊತೆ ಊರಿಗೆ ವಾಪಸ್ ಹೋದ. ಇವರು ಹೇಳಿದ ಹಾಗೆ ಕೇಳ್ಕೊಂಡು ಇದ್ದ." ಸಿಸ್ಟರ್ ಮೇಣದಬತ್ತಿ ತರಲು ಒಳಗೆ ಹೋದರು.

ಏಕಾಂತಪ್ಪ ಗರಗಸ ಕೆಳಗಿಟ್ಟ. ಇನ್ನು ತಡೆಯುವಂತಿರಲಿಲ್ಲ. "ವೇದಾ, ನಿನಗೊಂದು ಮಾತು ಹೇಳಬೇಕು."

"ಕಾರ್ಡು ಪೋಸ್ಟ್‌ಮನ್ ಕೈಯಿಂದ ಇಸ್ಕೊಂಡಿದ್ದು ನಾನೇ, ಅಪ್ಪ," ಎಂದಳು ಅವಳು ಹುಲ್ಲಿನಿಂದ ತಲೆಯೆತ್ತದೆ. "ಓದಿ ಗೂಡಿನಲ್ಲಿಟ್ಟೆ."

ನಾಲ್ಕು ದಿನ ಈ ಪುಟ್ಟ ಜೀವ ಅವನ ಪಕ್ಕದಲ್ಲೇ ಕೂತು ಉಂಡಿದೆ, ಮಗ್ಗಿ ಒಪ್ಪಿಸಿದೆ, ಅವನ ತಂಬಿಗೆಗೆ ನೀರು ತುಂಬಿಸಿದೆ. "ಯಾಕವ್ವ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ನಾಚಿಕೆಯಿಂದ ಅವನ ಕಣ್ಣು ತುಂಬಿತು. ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಜೋಡು ಬಿಡುವ ಸದ್ದು. ಕಾಶಮ್ಮ ದಾರಿ ತೋರಿಸಿ ಕಳಿಸಿರಬೇಕು. ಷಡಕ್ಷರಪ್ಪ ಕೊಡೆ ಹಿಡಿದು ನಿಂತಿದ್ದ. ಮೇಲಿನ ಜೇಬಿನಲ್ಲಿ ಎರಡು ರಟ್ಟಿನ ಟಿಕೆಟ್ಟು ಇಣುಕುತ್ತಿದ್ದವು. ವಾಪಸಿನ ಗಾಡಿಗೆ ಸ್ಟೇಷನ್ನಿನಲ್ಲೇ ತೆಗೆದುಕೊಂಡು ಬಂದಿದ್ದ, ತನಗೊಂದು ಪೂರಾ, ಮಗುವಿಗೊಂದು ಅರ್ಧ.

"ಇವಳೇ ಏನು?" ಎಂದ.

ವೇದಾವತಿ ಎದ್ದು ಕೈಗೆ ಅಂಟಿದ ಹುಲ್ಲು ಕೊಡವಿದಳು. ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೂತ್ಕೊಳ್ಳಿ ದೊಡ್ಡಪ್ಪ. ನಮ್ಮಪ್ಪಂಗೆ ಇನ್ನೂ ಸ್ವಲ್ಪ ಕೆಲಸ ಇದೆ."

ಅವಳು ಬೆಂಚಿನ ಆಚೆ ಬಂದು ಜೋಸೆಫನ ಭುಜಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಮನೆಯಲ್ಲೂ ಅಪ್ಪ ಮರ ಕೊಯ್ಯುವಾಗ ಅವಳು ಹಿಡಿಯುತ್ತಿದ್ದುದೇ ಹಾಗೆ, ಒಂದು ಕಾಲು ಮುಂದಿಟ್ಟು, ಉಸಿರು ಕಟ್ಟಿ. "ಕೊಯ್ಯಿ ಅಪ್ಪ."

ಗರಗಸ ಮರಕ್ಕಿಳಿಯಿತು. ಷಡಕ್ಷರಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ನೋಡಿದ. ಮಗುವಿನ ಹಣೆ ಅವನ ಸತ್ತ ತಮ್ಮನದೇ. ನಿಂತ ನಿಲುವು ಮಾತ್ರ ಈ ಬಡಗಿಯದು. ತೆಳ್ಳನೆಯ ಹಲಗೆಯೊಂದು ಕಳಚಿ ಬಿತ್ತು. ಅಪ್ಪ ಮಗಳು ಎತ್ತಿ ನಿಲ್ಲಿಸಿದರು, ಮೂರ್ತಿ ತೊಲೆಯ ಕೆಳಗೆ ನುಸುಳಿ ಮರಿಯಮ್ಮನ ಪಕ್ಕ ನಿಂತಿತು.

ಸ್ಟೇಷನ್ನಿನ ಕಡೆಯಿಂದ ಗಂಟೆ ಕೇಳಿಸಿತು. ಷಡಕ್ಷರಪ್ಪ ಎದ್ದ.

"ಬೇಸಿಗೆ ರಜಕ್ಕೆ ಕಳಿಸಪ್ಪ," ಎಂದ ಏಕಾಂತಪ್ಪನಿಗೆ. "ನಮ್ಮವ್ವ ಮೊಮ್ಮಗಳನ್ನು ನೋಡಬೇಕು ಅಂತಾಳೆ. ಆಮೇಲೆ ನೀನೇ ಬಂದು ಕರ್ಕೊಂಡು ಹೋಗು."

ಮೆಟ್ಟಿಲಿಳಿಯುವಾಗ ಟಿಕೆಟ್ಟುಗಳನ್ನು ಹೊರಗೆ ತೆಗೆದ. ಪೂರಾ ಟಿಕೆಟ್ಟನ್ನು ಕೈಯಲ್ಲೇ ಹಿಡಿದು, ಅರ್ಧದ್ದನ್ನು ಜೇಬಿಗೆ ಹಾಕಿಕೊಂಡು, ಕೊಡೆ ಊರುತ್ತಾ ಸ್ಟೇಷನ್ನಿನ ದಾರಿ ಹಿಡಿದ.